ಇಪ್ಪತ್ತು ನಿಮಿಷದ ನಗು ಮಾರಿದ ಹಾಲ್ ರೋಚ್

ಹಳೆಯ ಕಪ್ಪು-ಬಿಳುಪು ಅಮೆರಿಕನ್ ಕಾಮಿಡಿಗಳು ಈಗ ಯೂಟ್ಯೂಬ್‌ನಲ್ಲಿ ಪೂರ್ತಿಯಾಗಿ ನೋಡಲು ಸಿಗುತ್ತವೆ. ಒಬ್ಬ ಸಣಕಲ, ಒಬ್ಬ ದಡೂತಿ, ಇಬ್ಬರ ತಲೆಯ ಮೇಲೂ ಗುಂಡು ಟೋಪಿ. ಲಾರೆಲ್-ಹಾರ್ಡಿ ಹೆಸರು ಕೇಳದವರು ಕಡಿಮೆ. ನಮ್ಮಲ್ಲೂ ಅಂಥ ಜೋಡಿ ಎದುರು ಬಂದರೆ ‘ಬಂದ್ರು ನೋಡಪ್ಪಾ ಲಾರೆಲ್ ಹಾರ್ಡಿ’ ಅನ್ನುವುದುಂಟು.

ಇವು ಇಷ್ಟು ಸುಲಭವಾಗಿ ಸಿಗುವುದಕ್ಕೆ ಕಾನೂನೂ ಒಂದು ಕಾರಣ. ಅಮೆರಿಕದಲ್ಲಿ ಆ ಕಾಲದ ಸಿನಿಮಾಗಳ ಹಕ್ಕುಸ್ವಾಮ್ಯ ಹೆಚ್ಚೆಂದರೆ 95 ವರ್ಷ. ಅದು ಮುಗಿದ ಮೇಲಿನ ಜನವರಿ 1ಕ್ಕೆ ಆ ಸಿನಿಮಾ ಎಲ್ಲರ ಸ್ವತ್ತು. ಯಾರು ಬೇಕಾದರೂ ತೋರಿಸಬಹುದು, ಕತ್ತರಿಸಿ ಜೋಡಿಸಬಹುದು. 1927ರ ಸಿನಿಮಾಗಳು 2023ರಲ್ಲಿ ಹೀಗೆ ಬಿಡುಗಡೆಯಾದವು. 1928ರವು 2024ರಲ್ಲಿ, 1929ರವು 2025ರಲ್ಲಿ. ಲಾರೆಲ್-ಹಾರ್ಡಿ ಜೋಡಿ ಕಟ್ಟಿದ ವರ್ಷಗಳೂ ಇವೇ.

ಈ ಚಿತ್ರಗಳ ಶುರುವಿನಲ್ಲಿ ಇನ್ನೊಂದು ಹೆಸರು ಬರುತ್ತದೆ: ಹಾಲ್ ರೋಚ್. ಅವರು ನಿರ್ಮಾಪಕರು. 1915ರಿಂದ ಸುಮಾರು 1938ರವರೆಗೆ ಕಿರು ಹಾಸ್ಯಚಿತ್ರ ಮಾಡುವುದನ್ನೇ ಒಂದು ಉದ್ಯಮವಾಗಿ ನಡೆಸಿದವರು. ಕಿರುಚಿತ್ರಗಳ ವ್ಯಾಪಾರ ಹೇಗಿತ್ತು, ಅದು ಯಾಕೆ ಮುಚ್ಚಿಹೋಯಿತು ಅಂತ ತಿಳಿಯಬೇಕಾದರೆ ಅವರ ಬದುಕನ್ನು ಹಿಂಬಾಲಿಸಿದರೆ ಸಾಕು.

ಮೊದಲು ರೀಲಿನ ಲೆಕ್ಕ

ಆಗ ಸಿನಿಮಾವನ್ನು ನಿಮಿಷದಲ್ಲಿ ಅಳೆಯುತ್ತಿರಲಿಲ್ಲ, ರೀಲಿನಲ್ಲಿ ಅಳೆಯುತ್ತಿದ್ದರು. ಒಂದು ರೀಲು ಅಂದರೆ ಸುಮಾರು 1000 ಅಡಿ ಫಿಲ್ಮು. ಒಂದು ಅಡಿಯಲ್ಲಿ 16 ಚಿತ್ರಗಳು. ಮಾತಿನ ಸಿನಿಮಾ ಬಂದ ಮೇಲೆ ಸೆಕೆಂಡಿಗೆ 24 ಚಿತ್ರ ಓಡಿಸುವುದು ಖಾಯಂ ಆಯಿತು. ಆ ಲೆಕ್ಕದಲ್ಲಿ ಒಂದು ರೀಲಿಗೆ 11 ನಿಮಿಷ. ಮೂಕಿ ಕಾಲದಲ್ಲಿ ವೇಗ ಒಂದೇ ಸಮ ಇರುತ್ತಿರಲಿಲ್ಲ. ಅದಕ್ಕೇ ಅದೇ ರೀಲು ಇನ್ನೂ ಸ್ವಲ್ಪ ಹೊತ್ತು ಓಡುತ್ತಿತ್ತು.

ಹಾಸ್ಯಕ್ಕೆ ಹೆಚ್ಚು ಒಗ್ಗಿದ್ದು ಎರಡು ರೀಲು, ಅಂದರೆ ಸುಮಾರು 20 ನಿಮಿಷ. ಆಗಿನ ಅಮೆರಿಕನ್ ಥಿಯೇಟರಿನಲ್ಲಿ ಟಿಕೆಟ್ ಕೊಂಡವರಿಗೆ ಒಂದೇ ಸಿನಿಮಾ ತೋರಿಸಿ ಕಳಿಸುತ್ತಿರಲಿಲ್ಲ. ಒಂದು ವಾರ್ತಾಚಿತ್ರ, ಒಂದು ಕಾರ್ಟೂನ್, ಒಂದು ಕಿರು ಹಾಸ್ಯಚಿತ್ರ, ಆಮೇಲೆ ಮುಖ್ಯ ಸಿನಿಮಾ. ಬಾಳೆಲೆ ಊಟದಲ್ಲಿ ಕೋಸಂಬರಿ ಇದ್ದ ಹಾಗೆ ಈ ಕಿರುಚಿತ್ರ. ಅದಕ್ಕಾಗಿಯೇ ಊಟಕ್ಕೆ ಬರುವವರಿಲ್ಲ, ಆದರೆ ಎಲೆಯಲ್ಲಿ ಅದಿಲ್ಲದಿದ್ದರೆ ಕೇಳುತ್ತಾರೆ. ಎಷ್ಟೋ ಸಲ ಮುಖ್ಯ ಸಿನಿಮಾ ಸಪ್ಪೆಯಾಗಿದ್ದರೂ ಜನ ನಗುತ್ತಾ ಹೊರಗೆ ಬರುತ್ತಿದ್ದದ್ದು ಈ ಇಪ್ಪತ್ತು ನಿಮಿಷದಿಂದ.

ಇಲ್ಲಿ ನಿರ್ಮಾಪಕ ಅಂದರೆ ಯಾರು?

ನಮ್ಮಲ್ಲಿ ನಿರ್ಮಾಪಕ ಅಂದ ತಕ್ಷಣ ಒಂದು ಸಿನಿಮಾಕ್ಕೆ ದುಡ್ಡು ಹಾಕುವವರು ನೆನಪಾಗುತ್ತಾರೆ. ಮುಹೂರ್ತ, ಶೂಟಿಂಗ್, ಬಿಡುಗಡೆ, ಆಮೇಲೆ ಲಾಭವೋ ನಷ್ಟವೋ. ಕಿರುಚಿತ್ರದವರ ಕೆಲಸ ಬೇರೆ ಥರ. ಅವರು ವಿತರಕ ಕಂಪನಿಯ ಜೊತೆ ಇಡೀ ಸೀಸನ್ನಿಗೆ ಕರಾರು ಮಾಡಿಕೊಳ್ಳುತ್ತಿದ್ದರು. ಇಷ್ಟು ಚಿತ್ರ, ಇಷ್ಟು ರೀಲು, ಇಂಥ ಗಡುವು. ವಿತರಕರು ಅವನ್ನು ದೇಶದ ಥಿಯೇಟರುಗಳಿಗೆ ಬಾಡಿಗೆಗೆ ಕೊಡುತ್ತಿದ್ದರು.

ಹಾಗಾಗಿ ಒಂದು ಚಿತ್ರ ಅಷ್ಟಾಗಿ ನಗಿಸದಿದ್ದರೂ ನಿರ್ಮಾಪಕ ಮುಳುಗುತ್ತಿರಲಿಲ್ಲ. ಹೇಳಿದ ದಿನಕ್ಕೆ ಚಿತ್ರ ತಲುಪದಿದ್ದರೆ ಮುಳುಗುತ್ತಿದ್ದ. ನಟರು, ಬರಹಗಾರರು, ಕ್ಯಾಮೆರಾದವರು, ಬಡಗಿಗಳು ಎಲ್ಲರಿಗೂ ವಾರದ ಸಂಬಳ. ಕೆಲಸ ನಿಲ್ಲುವ ಹಾಗಿಲ್ಲ. ನಗೆಯನ್ನು ಟೈಮ್‌ಟೇಬಲ್ ಪ್ರಕಾರ ಹುಟ್ಟಿಸಬೇಕು! ರೋಚ್ ಕಲಿತದ್ದು ಈ ವಿದ್ಯೆ.

ಎಕ್ಸ್‌ಟ್ರಾ ಪಾತ್ರದಿಂದ ಸ್ವಂತ ಕಂಪನಿಗೆ

ಹುಟ್ಟಿದ್ದು 1892ರ ಜನವರಿ 14ರಂದು, ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಲ್ಲಿ. ಹರೆಯದಲ್ಲೇ ಮನೆ ಬಿಟ್ಟು ಅಲಾಸ್ಕಾವರೆಗೂ ಅಲೆದಾಟ. ಸಿಕ್ಕ ಕೆಲಸ ಮಾಡುತ್ತಾ 1912ರ ಹೊತ್ತಿಗೆ ಕ್ಯಾಲಿಫೋರ್ನಿಯಾ ತಲುಪಿದರು. ಅಲ್ಲಿ ಕೌಬಾಯ್ ಸಿನಿಮಾಗಳಲ್ಲಿ ಎಕ್ಸ್‌ಟ್ರಾ ಆಗಿ ನಿಂತರು. ಗುಂಪಿನಲ್ಲಿ ನಿಲ್ಲುವಾಗ ಪಕ್ಕದಲ್ಲಿ ಇನ್ನೊಬ್ಬ ಎಕ್ಸ್‌ಟ್ರಾ ಸಿಕ್ಕ. ಹೆಸರು ಹೆರಾಲ್ಡ್ ಲಾಯ್ಡ್.

ಆಮೇಲೆ ರೋಚ್ ಕೈಗೆ ಪಿತ್ರಾರ್ಜಿತವಾಗಿ ಸ್ವಲ್ಪ ಹಣ ಬಂತು. ಡ್ಯಾನ್ ಲಿಂಥಿಕಂ ಎಂಬವರ ಜೊತೆ ಸೇರಿ ‘ರೋಲಿನ್’ ಕಂಪನಿ ತೆರೆದರು. ನಟ ಯಾರು? ಅದೇ ಲಾಯ್ಡ್. 1915ರಲ್ಲಿ ಪಾಥೆ ಎಂಬ ವಿತರಕ ಕಂಪನಿ ಅವರ ಚಿತ್ರ ಕೊಂಡಿತು. ಬಾಗಿಲು ತೆರೆಯಿತು.

ಆಗ ಎಲ್ಲೆಲ್ಲೂ ಚಾಪ್ಲಿನ್ ಹವಾ. ರೋಚ್, ಲಾಯ್ಡ್ ಇಬ್ಬರೂ ಚಾಪ್ಲಿನ್ ವೇಷವನ್ನು ತಿರುಗಿಸಿ ಒಂದು ಪಾತ್ರ ಮಾಡಿದರು. ಚಾಪ್ಲಿನ್ ಪ್ಯಾಂಟು ದೊಗಳೆ, ಇವನದು ಬಿಗಿ. ಚಾಪ್ಲಿನ್ ಮೀಸೆ ಒಂದು ತುಂಡು, ಇವನದು ಎರಡು ಚುಕ್ಕೆ. ಹೆಸರು ‘ಲೋನ್‌ಸಮ್ ಲ್ಯೂಕ್’. ಚಿತ್ರಗಳು ಓಡಿದವು. ಆದರೆ ನಕಲು ನಕಲೇ ಅಲ್ವಾ? 1917ರಲ್ಲಿ ಲಾಯ್ಡ್ ವೇಷ ಕಳಚಿ, ಗಾಜಿಲ್ಲದ ದಪ್ಪ ಫ್ರೇಮಿನ ಕನ್ನಡಕ ಹಾಕಿಕೊಂಡರು. ಮಾಮೂಲಿ ಬಟ್ಟೆ, ಮಾಮೂಲಿ ಮುಖ. ನೋಡಿದರೆ ಯಾವುದೋ ಆಫೀಸಿನ ಹುಡುಗ. ಜನ ಇವನನ್ನು ತಮ್ಮವನೇ ಅಂದುಕೊಂಡರು. ನನ್ನ ಲೆಕ್ಕದಲ್ಲಿ ರೋಚ್ ಸ್ಟುಡಿಯೋದ ಮುಂದಿನ ಹಾಸ್ಯಕ್ಕೆಲ್ಲ ಬೇರು ಇಲ್ಲಿದೆ: ಕೋಡಂಗಿಯನ್ನು ಕರೆತರಬೇಡ, ಮಾಮೂಲಿ ಮನುಷ್ಯನನ್ನು ಪೇಚಿಗೆ ಸಿಲುಕಿಸು.

1919ರ ಆಗಸ್ಟಿನಲ್ಲಿ ಅನಾಹುತವಾಯಿತು. ಪ್ರಚಾರದ ಫೋಟೋ ತೆಗೆಸುವಾಗ ಲಾಯ್ಡ್ ಕೈಯಲ್ಲಿದ್ದ ಆಟಿಕೆ ಬಾಂಬು ನಿಜವಾಗಿಯೂ ಸಿಡಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಚೇತರಿಸಿಕೊಂಡ ಮೇಲೆ ಅವರು ಕೃತಕ ಬೆರಳಿನ ಕೈಗವಸು ಹಾಕಿಕೊಂಡು ನಟಿಸಿದರು. ಎತ್ತರದ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಆ ಹೆಸರಾಂತ ದೃಶ್ಯವನ್ನು 1923ರಲ್ಲಿ ಮಾಡಿದ್ದು ಇದೇ ಕೈಯಲ್ಲಿ. ಅದೇ ವರ್ಷ ಲಾಯ್ಡ್ ರೋಚ್‌ರನ್ನು ಬಿಟ್ಟು ಸ್ವಂತ ಕಂಪನಿ ಮಾಡಿಕೊಂಡರು. ಜಗಳವಿಲ್ಲದೆ ನಡೆದ ಅಗಲಿಕೆ. ಆದರೂ ಸ್ಟುಡಿಯೋದ ದೊಡ್ಡ ಸ್ಟಾರ್ ಹೊರಗೆ ಹೋದಂತಾಯಿತು.

ಬೀದಿ ಮಕ್ಕಳ ಗುಂಪು

ಅಷ್ಟರಲ್ಲಿ ರೋಚ್ ಇನ್ನೊಂದು ಬಾವಿ ತೋಡಿಟ್ಟಿದ್ದರು. ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಅವರ ಹೊಸ ಸ್ಟುಡಿಯೋ ಎದ್ದಿತ್ತು. ಅವರೇ ಮುಂದೆ ಹೇಳುತ್ತಿದ್ದ ಕಥೆ ಹೀಗೆ: ಒಂದು ದಿನ ಆಡಿಷನ್ನಿಗೆ ಒಬ್ಬ ಪುಟ್ಟ ಹುಡುಗಿ ಬಂದಳು. ಮುಖದ ತುಂಬ ಮೇಕಪ್ಪು, ಬಾಯಿಪಾಠ ಮಾಡಿದ ಅಭಿನಯ. ಅವಳು ಹೋದ ಮೇಲೆ ಕಿಟಕಿಯಿಂದ ನೋಡಿದರೆ ಹೊರಗೆ ಕೆಲವು ಮಕ್ಕಳು ಮರದ ತುಂಡುಗಳಿಗಾಗಿ ಕಿತ್ತಾಡುತ್ತಿದ್ದಾರೆ. ದೊಡ್ಡವನಿಗೆ ಸಣ್ಣವನ ಕೈಯಲ್ಲಿರುವ ತುಂಡೇ ಬೇಕು. ರೋಚ್ ಸುಮ್ಮನೆ ನೋಡುತ್ತಾ ನಿಂತರು. ಎಷ್ಟು ಹೊತ್ತಾಯಿತು ಅನ್ನುವುದೇ ಗೊತ್ತಾಗಲಿಲ್ಲವಂತೆ.

1922ರಲ್ಲಿ ‘ಅವರ್ ಗ್ಯಾಂಗ್’ ಸರಣಿ ಶುರುವಾಯಿತು. ನಿರ್ದೇಶಕ ರಾಬರ್ಟ್ ಮೆಕ್‌ಗೋವನ್ ಮಕ್ಕಳಿಗೆ ಸ್ಕ್ರಿಪ್ಟ್ ಓದಿಸುತ್ತಿರಲಿಲ್ಲ. ಹೀಗೆ ಮಾಡು, ಈಗ ಅತ್ತ ನೋಡು ಅಂತ ಶೂಟಿಂಗ್ ನಡೆಯುವಾಗಲೇ ಹೇಳುತ್ತಾ ಹೋಗುತ್ತಿದ್ದರು. ಮೂಕಿ ತಾನೇ, ಅವರ ದನಿ ರೆಕಾರ್ಡ್ ಆಗುವ ಭಯವಿಲ್ಲ. ಮಕ್ಕಳು ದೊಡ್ಡವರಾದಂತೆ ಹೊಸಬರು ಬರುತ್ತಿದ್ದರು. ಯಾವ ಸ್ಟಾರ್ ಬಿಟ್ಟುಹೋದರೂ ಸರಣಿ ನಿಲ್ಲುವುದಿಲ್ಲ. ಲಾಯ್ಡ್ ಹೋದಾಗಿನ ಪೆಟ್ಟಿಗೆ ಇದಕ್ಕಿಂತ ಒಳ್ಳೆ ಮದ್ದು ಇರಲಿಲ್ಲ.

ಈ ಗುಂಪಿನಲ್ಲಿ ಬಿಳಿಯ ಮಕ್ಕಳ ಜೊತೆ ಕಪ್ಪು ಮಕ್ಕಳೂ ಸಮಸಮವಾಗಿ ಆಡಿದರು, ಜಗಳವಾಡಿದರು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಈ ಮಕ್ಕಳು ಒಂದೇ ಶಾಲೆಗೆ ಹೋಗುವ ಹಾಗಿರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಂಡು ನೋಡಬೇಕು. ಹಾಗೆಂದು ಎಲ್ಲವೂ ಚೆಂದ ಅಲ್ಲ. ಕಪ್ಪು ಮಕ್ಕಳ ಬಣ್ಣ, ಮಾತು, ಕಲ್ಲಂಗಡಿ ಹಣ್ಣಿನ ಆಸೆ ಇವನ್ನೆಲ್ಲ ಹಾಸ್ಯ ಮಾಡುವ ದೃಶ್ಯಗಳಿವೆ. ಇವತ್ತು ನೋಡಿದರೆ ಮುಜುಗರವಾಗುತ್ತದೆ.

ಜೋಡಿ ಸಿಕ್ಕಿದ್ದು ಹೇಗೆ

ಸ್ಟಾನ್ ಲಾರೆಲ್ ಇಂಗ್ಲೆಂಡಿನವರು. ಆಲಿವರ್ ಹಾರ್ಡಿ ಜಾರ್ಜಿಯಾ ರಾಜ್ಯದವರು. ಇಬ್ಬರೂ ರೋಚ್ ಬಳಿ ಬೇರೆಬೇರೆಯಾಗಿ ಸಂಬಳಕ್ಕಿದ್ದವರು. ಲಾರೆಲ್‌ಗೆ ನಟನೆಗಿಂತ ಬರೆಯುವುದು, ನಿರ್ದೇಶಿಸುವುದು ಇಷ್ಟವಾಗಿತ್ತು. 1926ರಲ್ಲಿ ಹಾರ್ಡಿ ಮನೆಯಲ್ಲಿ ಮಾಂಸ ಬೇಯಿಸುವಾಗ ಕೈ ಸುಟ್ಟುಕೊಂಡರು. ಅವರ ಪಾತ್ರಕ್ಕೆ ತುರ್ತಾಗಿ ಜನ ಬೇಕಾಯಿತು. ಲಾರೆಲ್‌ರನ್ನೇ ಹಿಡಿದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಹೀಗೆ ಲಾರೆಲ್ ಮತ್ತೆ ನಟನೆಗೆ ಬಂದರು. ಸ್ವಲ್ಪ ದಿನದಲ್ಲೇ ಇಬ್ಬರೂ ಒಂದೇ ಚಿತ್ರಗಳಲ್ಲಿ ಕಾಣಿಸತೊಡಗಿದರು.

ಈ ಇಬ್ಬರು ಒಟ್ಟಿಗಿದ್ದರೆ ನಗು ಹೆಚ್ಚು ಬರುತ್ತದೆ ಅಂತ ಗುರುತಿಸಿದ ಶ್ರೇಯಸ್ಸು ಸಾಮಾನ್ಯವಾಗಿ ಲಿಯೋ ಮೆಕ್ಯಾರಿ ಅವರಿಗೆ ಸಲ್ಲುತ್ತದೆ. ಅವರು ಆಗ ಸ್ಟುಡಿಯೋದ ಮೇಲ್ವಿಚಾರಕರು. ಮುಂದೆ ನಿರ್ದೇಶಕರಾಗಿ ಆಸ್ಕರ್ ಗೆದ್ದರು. ಇದೇ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಜಾರ್ಜ್ ಸ್ಟೀವನ್ಸ್ ಕೂಡ ಮುಂದೆ ಹಾಗೇ ಗೆದ್ದರು. ರೋಚ್ ಮಾಡಿದ್ದೇನು ಅಂದರೆ ಇಂಥವರನ್ನು ಒಂದೇ ಕಾಂಪೌಂಡಿನೊಳಗೆ ಇಟ್ಟು, ಸಂಬಳ ಕೊಟ್ಟು, ಜಾಸ್ತಿ ತಲೆ ಹಾಕದೆ ಬಿಟ್ಟದ್ದು. ನಿರ್ಮಾಪಕನೊಬ್ಬ ಸುಮ್ಮನಿರುವುದೂ ಒಂದು ಕಲೆಯೇ.

ನಿಧಾನವೇ ನಗು

ರೋಚ್‌ಗಿಂತ ಮೊದಲು ಈ ವ್ಯಾಪಾರದ ರಾಜ ಮ್ಯಾಕ್ ಸೆನೆಟ್. 1912ರಲ್ಲಿ ಕೀಸ್ಟೋನ್ ಕಂಪನಿ ಕಟ್ಟಿದವರು, ಚಾಪ್ಲಿನ್‌ರನ್ನು ಸಿನಿಮಾಕ್ಕೆ ತಂದವರು. ಅವರ ಹಾಸ್ಯವೆಲ್ಲ ವೇಗ. ಓಟ, ಬೀಳು, ಮತ್ತೆ ಓಟ. ಪೊಲೀಸರ ಹಿಂಡೇ ಓಡುತ್ತಿತ್ತು. ರೋಚ್ ಸ್ಟುಡಿಯೋದವರು ಇದನ್ನು ತಲೆಕೆಳಗು ಮಾಡಿದರು. ವೇಗ ತಗ್ಗಿಸಿದರು.

1929ರ ‘ಬಿಗ್ ಬಿಸಿನೆಸ್’ ಎಂಬ ಎರಡು ರೀಲಿನ ಮೂಕಿಯನ್ನೇ ನೋಡಿ. ಲಾರೆಲ್, ಹಾರ್ಡಿ ಇಬ್ಬರೂ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಮರ ಮಾರುತ್ತಾರೆ. ಒಂದು ಮನೆಯಲ್ಲಿ ಬೋಳುತಲೆ, ಪೊದೆಮೀಸೆಯ ಯಜಮಾನ. ಬೇಡ ಅಂದು ಬಾಗಿಲು ಹಾಕುತ್ತಾನೆ. ಮರದ ರೆಂಬೆ ಬಾಗಿಲ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬೆಲ್ ಒತ್ತುತ್ತಾರೆ. ಅವನು ತೆರೆದು ಮತ್ತೆ ಹಾಕುತ್ತಾನೆ. ಈ ಸಲ ಕೋಟು ಸಿಕ್ಕಿಕೊಳ್ಳುತ್ತದೆ. ಮತ್ತೆ ಬೆಲ್. ಕೊನೆಗೆ ಅವನು ಕತ್ತರಿ ತಂದು ಮರವನ್ನು ತುಂಡು ಮಾಡುತ್ತಾನೆ. ಇವರು ಚಾಕು ತೆಗೆದು ಅವನ ಬಾಗಿಲಿನ ಚೌಕಟ್ಟನ್ನು ಕೆತ್ತುತ್ತಾರೆ. ಹೀಗೆ ಶುರುವಾದದ್ದು ಇವರ ಕಾರು ಚೂರುಚೂರು, ಅವನ ಮನೆ ಎಲ್ಲೆಲ್ಲೂ ಜಖಂ ಆಗುವ ತನಕ ಹೋಗುತ್ತದೆ.

ಗುಟ್ಟು ಎಲ್ಲಿದೆ ಗೊತ್ತಾ? ಒಬ್ಬ ಹಾಳು ಮಾಡುವಾಗ ಇನ್ನೊಬ್ಬ ತಡೆಯುವುದಿಲ್ಲ. ಕೈಕಟ್ಟಿ ನಿಂತು ನೋಡುತ್ತಾನೆ. ಅವನದು ಮುಗಿದ ಮೇಲೆ ತನ್ನ ಸರದಿ. ಪೊಲೀಸಪ್ಪನೂ ಬಂದು ಅಡ್ಡ ಬರುವುದಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ನಿಲ್ಲುತ್ತಾನೆ. ಈ ಕಾಯುವಿಕೆಯಲ್ಲೇ ನಗು ಹುಟ್ಟುತ್ತದೆ. ಈಗೇನು ಮಾಡ್ತಾನೆ ಅಂತ ನೋಡುಗರು ಮೊದಲೇ ಊಹಿಸಿ ನಗಲು ಶುರು ಮಾಡುತ್ತಾರೆ.

ಸಿನಿಮಾದವರು ಇಂಥ ಒಂದೊಂದು ನಗೆಯ ತುಣುಕಿಗೆ ಗ್ಯಾಗ್ ಅನ್ನುತ್ತಾರೆ. ಸ್ಟುಡಿಯೋದಲ್ಲಿ ಗ್ಯಾಗ್ ಬರೆಯುವುದಕ್ಕೇ ಜನರಿದ್ದರು. ಚಿತ್ರ ಮುಗಿದ ಮೇಲೆ ಯಾವುದೋ ಥಿಯೇಟರಿನಲ್ಲಿ ಮುಂಚಿತವಾಗಿ ತೋರಿಸಿ, ಜನ ಎಲ್ಲಿ ನಕ್ಕರು ಅಂತ ಗಮನಿಸುತ್ತಿದ್ದರು. ನಗದ ಕಡೆ ಕತ್ತರಿ.

ಮಾತು ಬಂದಾಗ

1929ರಲ್ಲಿ ಲಾರೆಲ್-ಹಾರ್ಡಿ ಮಾತಾಡಿದರು. ಎಷ್ಟೋ ಮೂಕಿ ನಟರು ಈ ತಿರುವಿನಲ್ಲಿ ಬಿದ್ದುಹೋದರು. ಇವರಿಗೆ ತೊಂದರೆಯಾಗಲಿಲ್ಲ. ಮೊದಲೇ ನಿಧಾನದ ಹಾಸ್ಯ, ಮಾತಿಗೆ ಜಾಗವಿತ್ತು.

ಆದರೆ ವ್ಯಾಪಾರಕ್ಕೆ ತೊಡಕಾಯಿತು. ಮೂಕಿಯಾಗಿದ್ದರೆ ಮಧ್ಯದ ಬರಹದ ಫಲಕ ಬದಲಿಸಿ ಯಾವ ದೇಶಕ್ಕೆ ಬೇಕಾದರೂ ಮಾರಬಹುದಿತ್ತು. ಮಾತಿನ ಚಿತ್ರಕ್ಕೆ ಆಗ ಡಬ್ಬಿಂಗ್ ಇನ್ನೂ ಕೈಗೆ ಹತ್ತಿರಲಿಲ್ಲ. ರೋಚ್ ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ನಿನಲ್ಲಿ ಮತ್ತೆ ಮತ್ತೆ ಚಿತ್ರೀಕರಿಸಿದರು. ಲಾರೆಲ್-ಹಾರ್ಡಿಗೆ ಆ ಭಾಷೆಗಳು ಬರುತ್ತಿರಲಿಲ್ಲ. ಕ್ಯಾಮೆರಾದ ಆಚೆ ಬೋರ್ಡಿನಲ್ಲಿ ಉಚ್ಚಾರಣೆ ಬರೆದಿಟ್ಟಿರುತ್ತಿದ್ದರು. ಇವರು ಅದನ್ನು ನೋಡಿ ಒಪ್ಪಿಸುತ್ತಿದ್ದರು. ಖರ್ಚು ಜಾಸ್ತಿಯಾಯಿತು, ಕೆಲವೇ ವರ್ಷದಲ್ಲಿ ಈ ಪದ್ಧತಿ ನಿಂತಿತು.

1932ರ ‘ದಿ ಮ್ಯೂಸಿಕ್ ಬಾಕ್ಸ್’ ಮೂರು ರೀಲಿನದು. ಕಥೆ ಒಂದೇ ಸಾಲು: ಇಬ್ಬರೂ ಪಿಯಾನೋ ಪೆಟ್ಟಿಗೆಯನ್ನು ಉದ್ದನೆಯ ಮೆಟ್ಟಿಲ ಸಾಲಿನ ಮೇಲೆ ಹತ್ತಿಸಬೇಕು. ಅದು ಮತ್ತೆ ಮತ್ತೆ ಉರುಳಿ ಬೀದಿಗೆ ಬರುತ್ತದೆ. ಕಷ್ಟಪಟ್ಟು ಮೇಲೆ ತಲುಪಿದರೆ ಅಂಚೆಯವನು ಹೇಳುತ್ತಾನೆ, ಆ ಕಡೆಯಿಂದ ಗಾಡಿ ಬರುವ ರಸ್ತೆ ಇದೆಯಲ್ಲ ಅಂತ. ಇವರು ಪಿಯಾನೋವನ್ನು ಮತ್ತೆ ಕೆಳಗಿಳಿಸುತ್ತಾರೆ, ಗಾಡಿಯಲ್ಲಿ ತರೋಣ ಅಂತ! ಹಾಸ್ಯ ಕಿರುಚಿತ್ರಕ್ಕೆ ಕೊಟ್ಟ ಮೊದಲ ಆಸ್ಕರ್ ಇದಕ್ಕೆ ಬಂತು. ಆ ಮೆಟ್ಟಿಲುಗಳು ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಬಡಾವಣೆಯಲ್ಲಿ ಈಗಲೂ ಇವೆ, ಒಟ್ಟು 133. ಇದೇ ಮೆಟ್ಟಿಲ ಮೇಲೆ 1927ರಲ್ಲಿ ವಾಷಿಂಗ್ ಮೆಷಿನ್ ಹೊತ್ತ ಒಂದು ಚಿತ್ರವನ್ನೂ ತೆಗೆದಿದ್ದರು. ಅದರ ಪ್ರತಿ ಕಳೆದುಹೋಗಿದೆ.

ಕರಾರಿನ ತಾರೀಖುಗಳು

ಇಷ್ಟು ಹೊತ್ತು ರೋಚ್ ಉದಾರಿಯಂತೆ ಕಂಡಿದ್ದರೆ ಇದನ್ನೂ ಓದಿ. ಲಾರೆಲ್ ಮತ್ತು ಹಾರ್ಡಿ ಜೊತೆ ಅವರು ಒಂದೇ ಕರಾರು ಮಾಡಿಕೊಳ್ಳಲಿಲ್ಲ. ಬೇರೆಬೇರೆ ಕರಾರು, ಮುಗಿಯುವ ತಾರೀಖೂ ಬೇರೆ. ಒಬ್ಬರದು ಮುಗಿದಾಗ ಇನ್ನೊಬ್ಬರದು ಬಾಕಿ ಇರುತ್ತಿತ್ತು. ಇಬ್ಬರೂ ಜೋಡಿಯಾಗಿ ಎದ್ದು ಬೇರೆ ಸ್ಟುಡಿಯೋಗೆ ಹೋಗುವಂತಿಲ್ಲ, ಜೋಡಿಯಾಗಿ ಕೂತು ಹೆಚ್ಚು ಸಂಬಳ ಕೇಳುವಂತೆಯೂ ಇಲ್ಲ. ಚಿತ್ರಗಳ ಒಡೆತನವೂ ನಟರದಲ್ಲ. ಮುಂದೆ ಟಿವಿಯಲ್ಲಿ ಈ ಚಿತ್ರಗಳು ದಿನಾ ಓಡುವಾಗ ಆ ಇಬ್ಬರಿಗೂ ಅದರಿಂದ ಒಂದು ಕಾಸೂ ಬರಲಿಲ್ಲ. ಲಾಯ್ಡ್ ಮಾತ್ರ ಬೇಗ ಹೊರಬಿದ್ದು ತಮ್ಮ ಚಿತ್ರಗಳ ಹಕ್ಕು ತಾವೇ ಇಟ್ಟುಕೊಂಡು ಶ್ರೀಮಂತರಾದರು.

ಕಿರುಚಿತ್ರಕ್ಕೆ ಕುತ್ತು

1929ರ ಆರ್ಥಿಕ ಕುಸಿತದ ನಂತರ ಥಿಯೇಟರುಗಳಿಗೆ ಜನ ಕಡಿಮೆಯಾದರು. ಮಾಲೀಕರು ಒಂದು ಟಿಕೆಟ್ಟಿಗೆ ಎರಡು ಪೂರ್ಣ ಸಿನಿಮಾ ತೋರಿಸತೊಡಗಿದರು. ನೋಡುಗರಿಗೆ ಖುಷಿ. ಆದರೆ ಎರಡು ಸಿನಿಮಾ ತುರುಕಿದ ಮೇಲೆ ಇಪ್ಪತ್ತು ನಿಮಿಷದ ಕಿರುಚಿತ್ರಕ್ಕೆ ಹೊತ್ತೆಲ್ಲಿ? ಉಳಿದ ಸಣ್ಣ ಜಾಗವನ್ನು ಕಾರ್ಟೂನ್ ಹಿಡಿಯಿತು. ಹಾಸ್ಯ ಕಿರುಚಿತ್ರವನ್ನು ಜನ ತಿರಸ್ಕರಿಸಲಿಲ್ಲ, ಅದನ್ನು ತೋರಿಸುವ ಸಮಯವೇ ಇಲ್ಲವಾಯಿತು.

ರೋಚ್‌ಗೆ ಇದು ಬೇಗ ಅರ್ಥವಾಯಿತು. 1935ರಲ್ಲಿ ಲಾರೆಲ್-ಹಾರ್ಡಿ ಕಿರುಚಿತ್ರ ನಿಲ್ಲಿಸಿ ಪೂರ್ಣ ಸಿನಿಮಾಕ್ಕೆ ಹಾಕಿದರು. 1936ರಲ್ಲಿ ಮಕ್ಕಳ ಸರಣಿಯನ್ನು ಒಂದು ರೀಲಿಗೆ ಇಳಿಸಿದರು. ಅದರಲ್ಲೇ ಒಂದಕ್ಕೆ ಆಸ್ಕರ್ ಬಂದರೂ, 1938ರಲ್ಲಿ ಸರಣಿಯನ್ನೇ ಎಂಜಿಎಂ ಕಂಪನಿಗೆ ಮಾರಿದರು. ಅಲ್ಲಿ ಅದು 1944ರವರೆಗೆ ನಡೆಯಿತು, ಮೊದಲಿನ ಜೀವ ಇರಲಿಲ್ಲ.

1937ರಲ್ಲಿ ಅವರು ಒಂದು ವಿಚಿತ್ರ ಹೆಜ್ಜೆ ಇಟ್ಟರು. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಮಗನ ಜೊತೆ ಸೇರಿ ಕಂಪನಿ ಮಾಡಲು ಹೊರಟರು. ಹಾಲಿವುಡ್ಡಿನಲ್ಲಿ ಗಲಾಟೆಯೆದ್ದು ಅದು ಮುರಿದುಬಿತ್ತು. ಆಮೇಲೆ ಕೆಲವು ಪೂರ್ಣ ಸಿನಿಮಾ ಮಾಡಿದರು, ಗಂಭೀರವಾದವೂ ಇದ್ದವು. ಯುದ್ಧ ಬಂದಾಗ ಸ್ಟುಡಿಯೋವನ್ನು ಅಮೆರಿಕದ ವಾಯುಪಡೆ ತರಬೇತಿ ಚಿತ್ರಗಳಿಗಾಗಿ ತೆಗೆದುಕೊಂಡಿತು. ಅಲ್ಲಿ ಕೆಲಸ ಮಾಡಿದ ಯೋಧರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಒಬ್ಬರು.

ಟಿವಿ, ದಿವಾಳಿ, ನೂರು ವರ್ಷ

ಯುದ್ಧದ ನಂತರ ದೊಡ್ಡ ಸ್ಟುಡಿಯೋಗಳು ಟಿವಿಯನ್ನು ಶತ್ರು ಅಂದುಕೊಂಡವು. ರೋಚ್ ಟಿವಿಗೇ ಕೆಲಸ ಮಾಡಿದರು. ಟಿವಿಗೆ ಬೇಕಿದ್ದದ್ದು ಅರ್ಧ ಗಂಟೆಯ ಕಾರ್ಯಕ್ರಮ, ಪ್ರತಿ ವಾರ, ಗಡುವಿಗೆ ಸರಿಯಾಗಿ. ಅವರಿಗೆ ಮೊದಲಿನಿಂದಲೂ ಬರುತ್ತಿದ್ದದ್ದೇ ಅದು. 1955ರಲ್ಲಿ ಸ್ಟುಡಿಯೋವನ್ನು ಮಗನಿಗೆ ಮಾರಿದರು. 1959ರಲ್ಲಿ ಅದು ದಿವಾಳಿಯೆದ್ದಿತು. 1963ರಲ್ಲಿ ಕಟ್ಟಡ ಕೆಡವಿದರು.

1984ರಲ್ಲಿ ರೋಚ್‌ಗೆ ಗೌರವ ಆಸ್ಕರ್ ಸಿಕ್ಕಿತು. 1992ರ ಆಸ್ಕರ್ ಸಮಾರಂಭಕ್ಕೆ ನೂರು ತುಂಬಿದ ಅಜ್ಜನಾಗಿ ಬಂದಿದ್ದರು. ನಿರೂಪಕ ಬಿಲ್ಲಿ ಕ್ರಿಸ್ಟಲ್ ಪರಿಚಯಿಸಿದಾಗ ಎದ್ದು ನಿಂತು, ಮೈಕಿಲ್ಲದೆಯೇ ಮಾತಾಡತೊಡಗಿದರು. ಯಾರಿಗೂ ಏನೂ ಕೇಳಿಸಲಿಲ್ಲ. ಮೂಕಿ ಕಾಲದಲ್ಲಿ ಶುರು ಮಾಡಿದವರಿಗೆ ಇದು ಸರಿಯಾಗಿಯೇ ಇದೆ ಎಂಬರ್ಥದ ಮಾತು ಕ್ರಿಸ್ಟಲ್ ಬಾಯಿಂದ ಬಂತು, ಸಭೆ ನಕ್ಕಿತು. ಅದೇ ವರ್ಷ ನವೆಂಬರ್ 2ರಂದು ರೋಚ್ ತೀರಿಕೊಂಡರು.

ಈಗ ನೋಡಬೇಕೆಂದರೆ

‘ಬಿಗ್ ಬಿಸಿನೆಸ್’ ಇಂದ ಶುರು ಮಾಡಿ. 1929ರದ್ದಾದ್ದರಿಂದ ಅಮೆರಿಕದಲ್ಲೂ ಹಕ್ಕು ಮುಗಿದಿದೆ. ಆಮೇಲೆ 1927ರ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’. ಬೀದಿಯಲ್ಲಿ ಒಬ್ಬರ ಮುಖಕ್ಕೆ ಒಬ್ಬರು ಕ್ರೀಮ್ ಪೈ ಎಸೆಯುವ ಚಿತ್ರ. ಇದರ ಎರಡನೇ ರೀಲಿನ ಬಹುಭಾಗ ಕಳೆದುಹೋಗಿತ್ತು, 2015ರಲ್ಲಿ ಒಬ್ಬ ಸಂಗ್ರಾಹಕರ ಬಳಿ ಸಿಕ್ಕಿತು. ‘ದಿ ಮ್ಯೂಸಿಕ್ ಬಾಕ್ಸ್’ ಅಮೆರಿಕದಲ್ಲಿ ಮುಕ್ತವಾಗುವುದು 2028ರ ಜನವರಿ 1ಕ್ಕೆ. ನಮ್ಮ 1957ರ ಕಾಯ್ದೆಯಲ್ಲಿ ಸಿನಿಮಾ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಮಾತ್ರ.

ತುಣುಕು ಕತ್ತರಿಸಿ ರೀಲ್ಸ್ ಮಾಡುವ ಯೋಚನೆ ಇದ್ದವರಿಗೆ ಒಂದು ಮಾತು. ಚಿತ್ರ ಹಳೆಯದಾದರೂ ಹಿಂದೆ ಕೇಳಿಸುವ ಸಂಗೀತ ಈಚೆಗೆ ಸೇರಿಸಿದ್ದಿರಬಹುದು. ಅದಕ್ಕೆ ಬೇರೆ ಹಕ್ಕುದಾರರಿರುತ್ತಾರೆ. ಮೂಕಿಯನ್ನು ಬಳಸುವಾಗ ಆ ಸದ್ದು ತೆಗೆದುಹಾಕುವುದು ವಾಸಿ.